ಭಾನುವಾರ ಎಣಿಸಿದ ದೋಣಿಗಳು

ಇಲ್ಲಿಯ ಕನ್ನಡ ಸಂಘದ ಮಾನ್ಯ ಅಧ್ಯಕ್ಷರಾದ ನಾರಾಯಣಸ್ವಾಮಿಯವರೇ, ಆಮರ್ಸ್‌ಫೋರ್ಟ್, ನೈಮೆಗನ್‌ಗಳಿಂದ ರೈಲು ಹಿಡಿದು ಯುಟ್ರೆಕ್ಟಿಗೆ ಬಂದಿರುವ ಸಭಿಕರೇ, ಹಿಂದಿನ ಸಾಲಿನಲ್ಲಿ ಡಚ್ಚಿನಲ್ಲಿ ಜಗಳವಾಡುತ್ತಿರುವ ಮಕ್ಕಳೇ,

ಶಾಲು ಹೊದಿಸಿದಿರಿ. ‘ಒಂದು ದ್ವೀಪರಾಷ್ಟ್ರದ ಆರ್ಥಿಕತೆಯನ್ನೇ ಬದಲಿಸಲಿರುವ ಎಂಜಿನಿಯರ್, ನಮ್ಮ ಕರಾವಳಿಯ ರಿಮ್ಷಾ’ ಎಂದಿರಿ. ಬದಲಿಸುವುದು ನಿಜ. ಹೇಗೆ ಎಂದು ಒಬ್ಬರಾದರೂ ಕೇಳಿದಿರಾ?

ವಾಯಿತೋಲು ಎಂಬ ಆ ದೇಶದಲ್ಲಿರುವುದು ಒಂದೇ ರಸ್ತೆ, ಒಂದೇ ಜೆಟ್ಟಿ. ಜೆಟ್ಟಿಗೆ ಮೀನು ಬಂದರೆ ಊಟ, ಬಂದರೆ ಶಾಲೆಯ ಫೀಸು, ಬಂದರೆ ಜನರೇಟರಿಗೆ ಡೀಸೆಲ್. ಅಂಥ ಜೆಟ್ಟಿಯನ್ನು ಪೂರ್ತಿಯಾಗಿ ಪ್ರವಾಸಿ ಹಡಗುಗಳಿಗೆ ಬಿಟ್ಟುಕೊಡಿ ಎಂದು ನಮ್ಮ ಕಂಪನಿ ವರದಿ ಕೊಟ್ಟಿದೆ. ‘ಮೀನುಗಾರಿಕೆಯ ಬಳಕೆ ಸೊನ್ನೆ.’ ಸೊನ್ನೆಯಂತೆ! ಸುತ್ತಲೂ ಸಮುದ್ರವಿರುವ ದೇಶದಲ್ಲಿ ಮೀನು ಹಿಡಿಯುವವರೇ ಇಲ್ಲವಂತೆ! ಓದಿದವರು, ತಿದ್ದಿದವರು, ಬಣ್ಣದ ಚಾರ್ಟ್ ಬರೆದವರು, ಯಾರಿಗೂ ನಾಚಿಕೆಯಾಗಲಿಲ್ಲ.

ಸಮೀಕ್ಷೆಯವರು ಶನಿವಾರ ಇಳಿದರು, ಭಾನುವಾರ ಇಡೀ ದಿನ ಎಣಿಸಿದರು, ಸೋಮವಾರ ವಿಮಾನ ಹತ್ತಿದರು. ಒಂದೂ ದೋಣಿ ಬರಲಿಲ್ಲ. ಹೋದ ವಾರ ವಿಡಿಯೋ ಮೀಟಿಂಗಿನಲ್ಲಿ ಅಲ್ಲಿಯ ಮೀನು ಮಾರುವ ಹೆಂಗಸೊಬ್ಬಳು ಕೇಳಿದಳು: “ಭಾನುವಾರ ದೋಣಿ ಮೇಲಕ್ಕೆಳೆದು ನಾವೆಲ್ಲ ಚರ್ಚಿಗೆ ಹೋಗ್ತೀವಿ. ನಿಮ್ಮೂರಲ್ಲಿ ಸಮುದ್ರಕ್ಕೆ ರಜೆ ಇಲ್ವಾ?”

ಇದೆ, ಸಭಿಕರೇ. ನಮ್ಮಜ್ಜ ಮಹಬೂಬ್ ಮತ್ತು ಕೇರಿಯವರೆಲ್ಲ ನಮಾಜಿನ ದಿನವೆಂದು ಶುಕ್ರವಾರ ದೋಣಿ ಇಳಿಸುತ್ತಿರಲಿಲ್ಲ. ಐಸ್ ಪ್ಲಾಂಟಿಗೆ ಜಾಗ ನೋಡಲು ಬಂದ ಅಧಿಕಾರಿ ಶುಕ್ರವಾರವೇ ಬಂದ. ಖಾಲಿ ತೀರ ನೋಡಿ, ಪ್ಲಾಂಟನ್ನು ಪಕ್ಕದೂರಿಗೆ ಬರೆದ. ಅಜ್ಜ ಸಾಯುವವರೆಗೂ ಬೈಯುತ್ತಿದ್ದರು: “ಒಂದು ಮಾತು ಕೇಳಿದ್ರೆ ಅವನ ಗಂಟೇನು ಹೋಗ್ತಿತ್ತು ಬೇಟಿ?”

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಮುಗಿಸುತ್ತೇನೆ. ‘ಸಮೀಕ್ಷೆಯವರು’ ಎಂದೆನಲ್ಲ, ಆ ಜೆಟ್ಟಿಯ ಮೇಲೆ ಟೋಪಿ ಹಾಕಿಕೊಂಡು ನಿಂತಿದ್ದವಳು ನಾನೇ. ಚರ್ಚಿನ ಗಂಟೆ ಕಿವಿಗೆ ಬಿದ್ದಿತ್ತು. ಆದರೂ ಯಾರನ್ನೂ ಒಂದು ಮಾತು ಕೇಳಲಿಲ್ಲ.

ಒಪ್ಪಂದಕ್ಕೆ ನಾಳೆ ಸಹಿ. ‘ಎಣಿಕೆ ತಪ್ಪು, ಎಣಿಸಿದವಳು ನಾನು’ ಎಂದು ಅಲ್ಲಿಯ ಮಂತ್ರಿಗೂ ನಮ್ಮ ಬಾಸಿಗೂ ಇಲ್ಲಿಗೆ ಬರುವಾಗ ರೈಲಿನಲ್ಲೇ ಮೇಲ್ ಹಾಕಿದ್ದೇನೆ. ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟಿನ ಗತಿ ಏನೆಂದು ನಿಮಗೆ ಬಿಡಿಸಿ ಹೇಳಬೇಕೇ? ಮುಂದಿನ ವರ್ಷ ನಾನಿಲ್ಲಿ ಕಾಣದಿದ್ದರೆ ಶಾಲು ಯಾರಿಗಾದರೂ ಹೊದಿಸಿ. ಆದರೆ ವಾಯಿತೋಲುವಿನ ಜೆಟ್ಟಿ ಜನರಿಗೇ ಉಳಿಯಿತೇ ಎಂದು ಒಬ್ಬರಾದರೂ ಅಲ್ಲಿಗೆ ಫೋನ್ ಮಾಡಿ ವಿಚಾರಿಸಿ. ಭಾನುವಾರ ಮಾತ್ರ ಮಾಡಬೇಡಿ, ಯಾರೂ ಎತ್ತುವುದಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.