ಹೆಪ್ಪು ಕೇಳಲು ಹೊರಟ ಬಾಳವ್ವ

ಹೂಂಗುಟ್ಟೋರು ಇದ್ದೀರೇನ್ರವ್ವಾ? ಇದ್ದರೆ ಹತ್ತಿರ ಬನ್ನಿ. ಹೂಂ ಅಂದರೆ ಕಥೆ ನಡೀತದೆ, ಸುಮ್ಮನಾದರೆ ಅಲ್ಲೇ ಕೂತುಬಿಡ್ತದೆ. ನನ್ನ ಕಥೆಗೆ ಸೊಕ್ಕು ಸ್ವಲ್ಪ ಜಾಸ್ತಿ.

ಒಂದಾನೊಂದು ಕಾಲದಲ್ಲಿ, ಹೆಸರು ನನಗೂ ಗೊತ್ತಿಲ್ಲದ ಒಂದು ನಾಡಿನಲ್ಲಿ, ಒಂದು ಹೊಳೆ ಇತ್ತು. ಹೊಳೆಯ ಈ ದಂಡೆಯಲ್ಲಿ ಅಕ್ಕ ಬಾಳವ್ವನ ಗಂಡನ ಮನೆ. ಆ ದಂಡೆಯಲ್ಲಿ ತವರುಮನೆ. ತವರಿನಲ್ಲಿ ಅವ್ವನ ಜೊತೆ ಉಳಿದವಳು ತಂಗಿ ನಿಂಬೆವ್ವ.

ಆ ನಾಡಿನಲ್ಲಿ ಒಂದು ರೂಢಿ ಇತ್ತು, ಕೇಳಿ. ಹಾಲಿಗೆ ಹಾಕಲು ಹೆಪ್ಪು ಕೇಳಿ ಬಂದವರನ್ನು ಯಾರೂ ಬರಿಗೈಲಿ ಕಳಿಸುತ್ತಿರಲಿಲ್ಲ. ಆದರೆ ಕೊಡುವವರು, ಆ ಹೆಪ್ಪು ತಮಗೆ ಯಾರ ಮನೆಯಿಂದ ಬಂತೋ ಅವರ ಹೆಸರು ಹೇಳಿ ಕೊಡಬೇಕು. ಇಸಕೊಳ್ಳುವವರು “ಅವರ ಹೊಟ್ಟೆ ತಣ್ಣಗಿರಲಿ” ಅಂತ ಹರಸಿ ಇಸಕೊಳ್ಳಬೇಕು. ಹರಸದೆ ಒಯ್ದರೆ ಹಾಲು ಮೊಸರಾಗುತ್ತಿರಲಿಲ್ಲ. ಯಾಕೆ ಅಂತ ನನ್ನ ಕೇಳಬೇಡಿ, ಹಾಲನ್ನ ಕೇಳಿ.

ಒಂದು ಮಳೆಗಾಲ ಅವ್ವ ಸತ್ತಳು. ಬಾಳವ್ವ ಬಿದ್ದೂ ಎದ್ದೂ ಹೊಳೆ ದಾಟಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹೆತ್ತ ತಾಯಿಯ ಮುಖ ನೋಡಲು ಸಿಗಲಿಲ್ಲ. ನಡುಮನೆಯಲ್ಲಿ ನಿಂತು, ತಂಗಿಯ ಕಡೆ ಬೆರಳು ಮಾಡಿ, “ಒಂದು ದಿನ ತಡೀಲಿಕ್ಕೆ ಆಗಲಿಲ್ಲ ನಿನಗ? ನಿನ್ನ ಮನಿ ಹೊಸ್ತಿಲ ತುಳಿಯೂದಿಲ್ಲ, ನಿನ್ನ ಮನಿ ಹನಿ ನೀರು ಮುಟ್ಟೂದಿಲ್ಲ, ನಿನ್ನ ಹೆಸರು ಬಾಯಾಗ ತರೂದಿಲ್ಲ!” ಅಂದಳು. ಅಂದವಳು ಹಂಗೇ ನಡೆದಳು.

ವರ್ಷ ಹೋದವು. ಮಳೆ ಬಂದು ಹೋದವು. ಅಕ್ಕತಂಗಿಯರ ತಲೆ ಬೆಳ್ಳಗಾಯಿತು. ಬಾಳವ್ವ ಎಂಥ ಮುಖ ಹೊತ್ತು ತಿರುಗುತ್ತಿದ್ದಳು ಅಂದರೆ, ಬರಬರುತ್ತ ಆಕೆಯ ಬಾಗಿಲಿಗೆ ಹೆಪ್ಪು ಕೇಳಲೂ ಯಾರೂ ಬರದಂತಾಯಿತು. ಆದರೆ ದಿನಾ ಊಟದ ಕೊನೆಗೆ ಆಕೆ ಅನ್ನಕ್ಕೆ ಒಂದು ಬಟ್ಟಲು ಮೊಸರು ಹಾಕಿಕೊಳ್ಳುತ್ತಿದ್ದಳು. ಮದುವೆಯಾಗಿ ಬರುವಾಗ ಅವ್ವ ಕುಡಿಕೆಯಲ್ಲಿ ಕೊಟ್ಟು ಕಳಿಸಿದ ಹೆಪ್ಪು ಅದು. ಇಂದಿನ ಮೊಸರಿನಿಂದ ನಾಳೆಯ ಮೊಸರು, ಹಾಗೇ ನಡೆದು ಬಂದಿತ್ತು. ಬಾಯಿಗಿಟ್ಟರೆ ಅವ್ವನ ಕೈ ರುಚಿ. ಕಣ್ಣು ಮುಚ್ಚಿದರೆ ಅವ್ವನ ಅಡುಗೆಮನೆ, ಒಲೆಯ ಮುಂದೆ ಸಣ್ಣ ನಿಂಬೆವ್ವ. ಬಾಳವ್ವ ಥಟ್ಟನೆ ಕಣ್ಣು ಬಿಟ್ಟುಬಿಡುತ್ತಿದ್ದಳು. ಸಿಟ್ಟಿತ್ತಲ್ಲ! ಸಿಟ್ಟಿನ ಪಕ್ಕದಲ್ಲೇ ತಂಗಿಯ ಹಂಬಲವೂ ಇತ್ತು, ಪಾಪ. ಅದನ್ನು ಯಾರ ಮುಂದೆ ಹೇಳಿಯಾಳು?

ಒಂದು ದಿನ ಏನಾಯಿತು ಹೇಳಿ? ಬೆಕ್ಕು ಮೊಸರಿನ ಗಡಿಗೆ ತೂಗುಹಾಕಿದ್ದ ನೆಲುವಿಗೆ ಹಾರಿತು. ಗಡಿಗೆ ಬಿತ್ತು, ಒಡೆಯಿತು, ಮೊಸರೆಲ್ಲ ನೆಲ ಕುಡಿಯಿತು. ಬಾಳವ್ವ ಅಲ್ಲೇ ಕುಸಿದು ಕೂತು, ಅವ್ವ ಅವತ್ತೇ ಸತ್ತವಳ ಹಾಗೆ ಅತ್ತಳು. ಆಮೇಲೆ ಹೆಪ್ಪಿನ ಬದಲು ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿ ನೋಡಿದಳು. ಮೊಸರೇನೋ ಆಯಿತು, ಲೋಳೆ ಲೋಳೆ. ಅದನ್ನು ಬೆಕ್ಕೂ ಮೂಸಲಿಲ್ಲ.

ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಳು. “ಒಂದೀಟು ಹೆಪ್ಪು ಕೊಡವ್ವಾ.”

“ಅದಕ್ಕೇನು ಬಾಳಕ್ಕಾ, ತಗೋ. ನನ್ನ ಸೊಸಿ ತವರಿಂದ ಬರೂವಾಗ ತಂದದ್ದು. ಹೊಳಿ ಆಚೆ ನಿಂಬೆವ್ವನ ಮನೀದು.”

ಬಾಳವ್ವ ಚಾಚಿದ ಕೈ ಹಿಂದಕ್ಕೆ ತಗೊಂಡಳು.

ಮೇಲಿನ ಊರಿಗೆ ನಡೆದಳು. ಬಿಸಿಲಲ್ಲಿ ಬೆವರು ಒರೆಸಿಕೊಂಡು ಒಂದು ಮನೆಯ ಮುಂದೆ ನಿಂತಳು. “ಒಂದೀಟು ಹೆಪ್ಪು ಕೊಡವ್ವಾ.”

“ತಗೋ ಯವ್ವಾ. ಇದು ನಿಂಬೆವ್ವನ ಮನೀದು. ಬಂಗಾರದಂಥಾ ಹೆಣಮಗಳು.”

“ಬಂಗಾರ ನೀನ ಇಟ್ಕೋ,” ಅಂತ ಬಾಳವ್ವ ಬರಿ ಬಟ್ಟಲು ಹೊತ್ತು ತಿರುಗಿದಳು.

ಕೊನೆಗೆ ಹೊಳೆದಂಡೆಗೆ ಇಳಿದಳು, ಅಂಬಿಗನ ಹೆಂಡತಿಯ ಗುಡಿಸಲಿಗೆ. ಅಲ್ಲಿಯೂ ಯಾರ ಹೆಸರು ಬಂತು? ಹೂಂ, ನೀವೇ ಹೇಳಿದಿರಿ. ಆದರೆ ಕಾಲು ಸೋತಿತ್ತು, ಆಸೆ ದೊಡ್ಡದಿತ್ತು. ಬಾಳವ್ವ ಹಲ್ಲು ಕಚ್ಚಿ, ಹರಸದೆ, ಬಟ್ಟಲು ಒಡ್ಡಿ ಇಸಕೊಂಡು ಬಂದಳು. ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕಿದಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು.

ಆಗ ಬಾಳವ್ವ ತನ್ನೊಳಗೇ ಅಂದುಕೊಂಡಳು: ಹರಸಲಿಕ್ಕೆ ಬಾಯಿ ಬರೂದಿಲ್ಲ. ಅವ್ವನ ರುಚಿ ಬಿಟ್ಟು ಬದುಕಲಿಕ್ಕೂ ಆಗೂದಿಲ್ಲ. ಹೋಗಿ ಅವಳನ್ನ ಕೇಳ್ತೀನಿ; ಅವಳು ಅವ್ವನ ಹೆಸರು ಹೇಳಿ ಕೊಡಬೇಕು, ನಾ ಅವ್ವನ್ನ ಹರಸಿ ಇಸಕೋತೀನಿ. ಅವ್ವನ ಹೆಪ್ಪಿನ ಮ್ಯಾಲ ನನಗೂ ಹಕ್ಕೈತಿ.

ಹೊಳೆ ದಾಟಿದಳು. ತವರಿನ ಬಾಗಿಲಲ್ಲಿ ನಿಂತಳು, ಹೊಸ್ತಿಲ ಆಚೆಗೇ. ನಿಂಬೆವ್ವ ಹೊರಗೆ ಬಂದಳು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

“ಹೆಪ್ಪಿಗೆ ಬಂದೀನಿ,” ಅಂದಳು ಬಾಳವ್ವ.

ನಿಂಬೆವ್ವ ಒಳಗೆ ಹೋಗಿ ಕುಡಿಕೆ ತಂದಳು. ತಂದವಳು ತಲೆ ಎತ್ತಲೇ ಇಲ್ಲ.

“ಯಾರ ಮನೀದು? ಹೆಸರು ಹೇಳು. ಅವ್ವನ ಹೆಸರು ಹೇಳಲಿಕ್ಕೂ ನಿನಗ ಬಾಯಿಲ್ಲೇನು?”

“ಇದು ನಿನ್ನ ಮನೀದು, ಅಕ್ಕಾ.”

“ನನ್ನ ಮನೀದೇನು?” ಅಂದಳು ಬಾಳವ್ವ.

“ಅವ್ವ ಸತ್ತ ಮೈಲಿಗಿಗೆ ಮನ್ಯಾಗಿನ ಮಣ್ಣಿನ ಗಡಿಗಿ ಎಲ್ಲಾ ಊರ ಹೊರಗ ಒಯ್ದು ಒಡದ್ರು. ಮೊಸರಿನ ಗಡಿಗೀನೂ ಹೋತು. ಅವ್ವನ ಹೆಪ್ಪು ಉಳಿದಿದ್ದು ನಿನ್ನ ಮನ್ಯಾಗ ಒಂದಽ. ನಾ ಬಂದ್ರ ನೀ ಬಾಗಿಲಾ ಹಾಕ್ತಿದ್ದಿ. ಗಡಿಗಿ ಮಾರೂ ಹೆಂಗಸಿಗೆ ಕೈ ಮುಗದು ನಿನ್ನ ಮನಿಗೆ ಕಳಿಸಿದ್ದೆ. ಆಕಿ ತನಗಂತ ನಿನ್ನ ಕಡೆ ಇಸಕೊಂಡು, ನಿನ್ನ ಹೆಸರು ಹೇಳಿ ನನಗ ತಂದು ಕೊಟ್ಟಳು. ನಾ ಹರಸಿ ಇಸಕೊಂಡೆ. ಆವತ್ತಿಂದ ದಿನಾ ಹೆಪ್ಪು ಹಾಕೂವಾಗ ಹರಸೀನಿ. ಕೇಳಿದವರಿಗೆಲ್ಲಾ ಕೊಟ್ಟೀನಿ. ಮತ್ತೊಮ್ಮೆ ಕಳಕೋಬಾರದಂತ.”

ಕೇಳಿದಿರಾ? ಒಬ್ಬಳು ಈ ದಂಡೆಗೆ ಕೂತು ಶಪಿಸುತ್ತಿದ್ದಳು, ಇನ್ನೊಬ್ಬಳು ಆ ದಂಡೆಗೆ ಕೂತು ಹರಸುತ್ತಿದ್ದಳು. ಎಷ್ಟು ವರ್ಷ!

ಆದರೂ ಬಾಳವ್ವ ಕರಗಲಿಲ್ಲ. ಸಿಟ್ಟು ಹಳೆಯದು, ಒಂದೇ ಮಾತಿಗೆ ಎದ್ದು ಹೋಗುವಂಥದಲ್ಲ. “ಮತ್ತ ಆವತ್ತು ಯಾಕ ತಡೀಲಿಲ್ಲ?” ಅಂದಳು.

“ಹೊಳಿ ತುಂಬಿತ್ತು. ನೀ ಬರಲಾರಿ ಅಂತ ಹಿರೇರು ಅವಸರ ಮಾಡಿದ್ರು. ನಾನೂ ಹೂಂ ಅಂದೆ. ಸಂಜೀಕ ಹೊಳಿ ಇಳೀತು.” ನಿಂಬೆವ್ವ ಕುಡಿಕೆ ಕೆಳಗಿಟ್ಟಳು. “ತಪ್ಪು ನಂದಽ, ಅಕ್ಕಾ. ಬ್ಯಾರೆ ಯಾರ ಮ್ಯಾಲೂ ಹಾಕೂದಿಲ್ಲ.”

ವರ್ಷಗಟ್ಟಲೆ ಕೂಡಿಟ್ಟ ಬೈಗುಳ ಬಾಳವ್ವನ ನಾಲಿಗೆಯ ತುದಿಗೆ ಬಂದಿದ್ದವು. ಎದುರಿಗೆ ನಿಂತವಳನ್ನು ನೋಡಿದಳು. ಮುಂದಿನ ಹಲ್ಲು ಬಿದ್ದಿದ್ದವು, ಬೆನ್ನು ಬಾಗಿತ್ತು. ಇವಳು ಯಾವಾಗ ಇಷ್ಟು ಮುದುಕಿಯಾದಳು? ತನಗೆ ಗೊತ್ತೇ ಆಗಲಿಲ್ಲವಲ್ಲ.

“ಅವ್ವನ ಮುಖ ನನಗ ಇನ್ನ ಸಿಗೂದಿಲ್ಲ, ನಿಂಬೀ,” ಅಂದಳು.

“ಹೌದಕ್ಕಾ.”

“ಸಿಟ್ಟು ಹಿಡಕೊಂಡು ನಿನ್ನ ಮುಖಾನೂ ನೋಡದಽ ಸಾಯಲೇನು ನಾನು?”

ಅಷ್ಟಂದು ಹೊಸ್ತಿಲು ದಾಟಿ ಒಳಗೆ ಬಂದಳು. ತಂಗಿಯ ಗಲ್ಲ ಎರಡೂ ಕೈಲಿ ಹಿಡಿದು, ಕಣ್ಣು ತುಂಬ ನೋಡಿದಳು. ಇಬ್ಬರೂ ಅತ್ತರು. ಅತ್ತು ಸಾಕಾಗಿ, ಆ ಮೊಸರಿಗೆ ಅನ್ನ ಕಲಸಿಕೊಂಡು ಉಂಡರು.

ಬಾಳವ್ವನ ಮನೆಯ ಹಾಲು ಮೊಸರಾಯಿತೇ ಅಂತ ಕೇಳ್ತೀರಾ? ನನಗೇನು ಗೊತ್ತು! ಬಾಳವ್ವ ಆವತ್ತು ಮನೆಗೆ ಹೋಗಲೇ ಇಲ್ಲ. ಮರುದಿನವೂ ಹೋಗಲಿಲ್ಲ. ಗಂಡನೇ ಹೊಳೆ ದಾಟಿ ಬಂದು, ಮೂರನೆಯವನಾಗಿ ಊಟಕ್ಕೆ ಕೂತನಂತೆ. ಅವರು ಅಲ್ಲಿ ಉಂಡರು, ನಾವು ಇಲ್ಲಿ ಕೇಳಿದೆವು. ಕಥೆ ದಡ ಸೇರಿತು, ನೀವು ಮನೆ ಸೇರಿ.