ಮುಚ್ಚದ ಕೊಳವೆ

ಹಾಸನದ ಬಸ್ ನಿಲ್ದಾಣದಲ್ಲಿ ಮಗುವನ್ನು ತಟ್ಟುತ್ತಾ ಕುಳಿತಿದ್ದ ಸರಸಳ ಪಕ್ಕದಲ್ಲೇ, ಆಸ್ಪತ್ರೆಯಿಂದ ಬಂದ ಅರ್ಚಕರು ಹೆಂಡತಿಗೆ ಹೇಳುತ್ತಿದ್ದರು.

“ಮೂಗಿಗೂ ಕಿವಿಗೂ ನಡುವೆ ಕೊಳವೆ ಇದೆಯಂತೆ ಕಣೇ. ನುಂಗಿದಾಗಷ್ಟೇ ತೆರೀಬೇಕಂತೆ. ನಂದು ಮುಚ್ಚೋದೇ ಇಲ್ಲ.”

“ಅದಕ್ಕೇ ಮಂತ್ರ ಹೇಳಿದ್ರೆ ನಿಮ್ಮ ದನಿಯೇ ತಲೇಲಿ ಮೊಳಗೋದಾ?”

“ಹೂಂ. ತಲೆ ತಗ್ಗಿಸಿದ್ರೆ ಆ ಸದ್ದು ತಣ್ಣಗಾಗುತ್ತೆ.”

“ನೀವು ಅಡ್ಡಬಿದ್ರೆ ಏಳೋದೇ ಇಲ್ಲ, ಎಂಥಾ ಭಕ್ತಿ ಅಂತ ಊರೆಲ್ಲಾ ಹೊಗಳ್ತಿತ್ತಲ್ರೀ!”

“ಉಸಿರಾಡಿದಾಗ ಕಿವಿ ತಮಟೆ ಅಲುಗೋದನ್ನ ಡಾಕ್ಟ್ರು ಕಣ್ಣಾರೆ ಕಂಡ್ರಂತೆ.”

“ನಾರಾಯಣ! ಅಷ್ಟೊಳಗೆ ಕಾಣುತ್ತಾ? ಈಗೇನು ಮಾಡ್ತಾರೆ?”

“ತಮಟೆಗೆ ತೂತು ಮಾಡಿ ಸಣ್ಣ ನಳಿಗೆ ಕೂರಿಸಬಹುದು. ಇಲ್ಲಾ, ಸೂಜೀಲಿ ಕೊಳವೆ ಬಾಯಿ ಸುತ್ತ ಮುಲಾಮಿನಂಥದ್ದು ತುಂಬಿ ಬಿಗಿ ಮಾಡಬಹುದು. ಜಾಸ್ತಿಯಾದ್ರೆ ಕಿವಿ ಮಂದವಾಗುತ್ತೆ.”

“ಯಾವುದಕ್ಕೆ ಒಪ್ಪಿದ್ರಿ?”

“ಸೂಜಿಗೆ.”

“ಮಂದವಾದ್ರೆ?”

“ಆದ್ರೆ ಆಗ್ಲಿ. ನನ್ನ ದನಿಯ ಗದ್ದಲದಲ್ಲಿ ನೀನು ಹಾಡೋದು ಕೇಳಿ ವರ್ಷವಾಯ್ತು, ರಂಗನಾಯಕಿ.”

ಬಸ್ಸು ಬಂತು. ರಂಗನಾಯಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಂಡನ ಹಿಂದೆಯೇ ಹತ್ತಿದಳು.