ಅಕ್ಕನ ಮನೆ ನೀರು

ನಗು ಅಕ್ಕ, ನಗು. ನಿನಗೇನು, ಏಳು ತಿಂಗಳ ಹೊಟ್ಟೆ ಹೊತ್ಕೊಂಡು ಆರಾಮಾಗಿ ಕೂತು ನಗಬಹುದು. ಲ್ಯಾಬಲ್ಲಿ ಮಾನ ಹೋಗಿದ್ದು ನಂದು.

ನನ್ನ ಕೆಲಸ ಏನು ಅಂತ ಮತ್ತೆ ಕೇಳ್ತೀಯಲ್ಲ... ಉಗುರಿನಷ್ಟು ಸಿಲಿಕಾನ್ ಚೂರು, ಚಿಪ್ ಅಂತೀವಿ. ಬರೀ ಚೂರಿಗೆ ನೀರಲ್ಲಿ ಏನಿದೆ ಅಂತ ಏನು ಗೊತ್ತಾಗುತ್ತೆ, ಮಣ್ಣಾಂಗಟ್ಟಿ. ಆಸಿಡ್ಡಲ್ಲಿ ತೊಳೆದು, ಮೇಲೊಂದು ರಾಸಾಯನಿಕದ ಪದರ ಅಂಟಿಸಬೇಕು. ಆ ಪದರ ನೀರಲ್ಲಿರೋ ಸೀಸವನ್ನ ಹಿಡ್ಕೊಳ್ಳುತ್ತೆ. ವಿಷ ಅದು, ಗೊತ್ತಲ್ಲ. ಹಿಡ್ಕೊಂಡ ತಕ್ಷಣ ಮೀಟರ್ ಮುಳ್ಳು ಏಳುತ್ತೆ. ಇಷ್ಟಕ್ಕೇ ನಮ್ಮ ಸಾಹೇಬರು ತಮ್ಮ ಫೋಟೊ ಗೋಡೆಗೆ ಹಾಕಿಸ್ಕೊಂಡಿದ್ದಾರೆ. ಪದರ ಅಂಟಿಸಿದ ನನ್ನ ಕೈಬೆರಳೂ ಅದರಲ್ಲಿಲ್ಲ.

ನಾಳೆ ದೊಡ್ಡವರ ಮುಂದೆ ಪ್ರದರ್ಶನ. ಒಂದು ಲೋಟ ಕೆಟ್ಟ ನೀರು, ಒಂದು ಲೋಟ ಒಳ್ಳೇ ನೀರು. ಬಟ್ಟಿ ಇಳಿಸಿದ ನೀರು ಬೇಡವಂತೆ, ಜನ ಮನೇಲಿ ಕುಡಿಯೋದೇ ಬೇಕಂತೆ, ನೋಡಿದವರಿಗೆ ನಂಬಿಕೆ ಬರುತ್ತಂತೆ. ನಾನೂ ಮಹಾ ಜಾಣೆ, "ನಮ್ಮಕ್ಕನ ಮನೇದು ತರ್ತೀನಿ ಸಾರ್, ಭಾವ ಹೊಸ ಪೈಪು ತಾವೇ ಬೆಸುಗೆ ಹಾಕಿ ಕೂರಿಸಿದ್ದಾರೆ" ಅಂದೆ. ಅದಕ್ಕೇ ಹೋದ ತಿಂಗಳು ಕ್ಯಾನ್ ಹಿಡ್ಕೊಂಡು ಬಂದಿದ್ದೆನಲ್ಲ.

ಮುಳ್ಳು ಎದ್ದೇಬಿಡ್ತು. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಪದರ ಕೆಟ್ಟಿದೆ ಕಣಮ್ಮ" ಅಂದ್ರು. ಅವರು ಹೇಳಿದ್ಮೇಲೆ ಮುಗೀತು. ತೊಳೆದು ಹೊಸ ಪದರ ಹಾಕಿದೆ, ಎದ್ದಿತು. ಚಿಪ್ಪೇ ಬದಲಾಯಿಸಿದೆ, ಆಗಲೂ ಎದ್ದಿತು. ಕೊನೆಗೆ ಪಕ್ಕದ ಕಟ್ಟಡದ ನೀರು ಹಾಕಿದೆ, ತೆಪ್ಪಗೆ ಮಲಗಿತು. ಸಾಹೇಬರಿಗೆ ಖುಷಿಯೋ ಖುಷಿ...

ಯಾಕೆ, ನಗು ನಿಂತೇಹೋಯ್ತು? ಹಾಗೇನಿಲ್ಲ... ಚಿಪ್ಪಿಗೂ ಸಾಹೇಬರ ಥರಾನೇ, ದಿನಕ್ಕೊಂದು ಬುದ್ಧಿ.

ನೀರಾ? ಆಮೇಲೆ ಕುಡೀತೀನಿ, ಬಾಯಾರಿಕೆ ಇಲ್ಲ. ಆ ಬಾಟ್ಲಿ... ಅದು ಲ್ಯಾಬಿಂದ ತಂದ ಕುಡಿಯೋ ನೀರು, ಸುಮ್ಮನೆ ಅಭ್ಯಾಸ. ಹೌದು, ಹೋದ ವಾರವೂ ತಂದಿದ್ದೆ. ಏನಿವಾಗ? ಭಾವ ಬಂದವರಿಗೆಲ್ಲ ಆ ಪೈಪು ತೋರಿಸ್ತಾರೆ, ಅವರ ಮುಖ ನೋಡಿದ್ರೆ ನನಗೆ ಬಾಯೇ ಬರಲ್ಲ. ಬೆಸುಗೇಲಿ ಏನು ಬೆರೆಸಿರ್ತಾರೆ ಅಂತ ಪಾಪ ಅವರಿಗೇನು... ಇನ್ನೊಂದ್ಸಲ ನೋಡಿಬಿಟ್ಟು ಹೇಳೋಣ ಅಂತ, ಇನ್ನೊಂದೇ ಒಂದ್ಸಲ...

ಹೀಗೆ ನೋಡಬೇಡ. ಬೈ ಬೇಕಾದ್ರೆ.

ಅಕ್ಕ, ನನ್ನ ಲೋಟ ಯಾಕೆ ತಗೊಂಡೆ? ನನ್ನ ಮುಖಾನೇ ನೋಡ್ತಾ ಬಾಯಿಗೆ ಯಾಕೆ ಹಿಡೀತಿದ್ದೀಯ?

ಕೆಳಗಿಡು. ಮಗು ಇದೆ ಹೊಟ್ಟೇಲಿ... ಕುಡೀಬೇಡ ಅಕ್ಕ. ಚಿಪ್ ಸರಿಯಾಗೇ ಇತ್ತು.